ಬೈಗುಳದ ಬುತ್ತಿ

ಗುರುವಾರ ಹತ್ತು ಗಂಟೆಗೆ ವಾಲ್ದೆಮಾರನ ತೋಳಿಗೆ ಸೂಜಿ.
ಪಕ್ಕದ ಕುರ್ಚಿಯಲ್ಲಿ ನಾನು,
ಜೇಬಿನಲ್ಲಿ ಚೀಟಿ.

ಭಾನುವಾರ ಪಾಯ್ಸಂದೂವಿನ ಮೈದಾನದಲ್ಲಿ
ಬಾವುಟ ಹಿಡಿದು ಗೆರೆಯುದ್ದಕ್ಕೂ ಓಡುವಾಗ
ಬೇಲಿಯಾಚೆಯಿಂದ ಬಂದು ಬಿದ್ದದ್ದನ್ನೆಲ್ಲ
ಹೆಕ್ಕಿ, ಬರೆದು, ಮಡಚಿ ತಂದ ಬುತ್ತಿ.

"ಓದು" ಅನ್ನುತ್ತಾನೆ, ಕಣ್ಣು ತೆರೆಯದೆ.

ಓದುತ್ತೇನೆ.
ಮಾಂಸದಂಗಡಿಯ ಎಲಿಯೊದೊರೊ ಕೇಳಿದ:
ಎಲ್ಲಿ ಹೋದ ಆ ಕುರುಡ?
ಈ ಹೊಸಬನಿಗೆ ಎರಡೂ ಕಣ್ಣಿವೆ,
ಬೈಯಲು ಬಾಯೇ ಬರುವುದಿಲ್ಲ.
ಟಿಕೆಟ್ ಹರಿಯುವ ಮುದುಕಿ ಅಂದಳು:
ಆ ಕಳ್ಳನಿಲ್ಲದ ಆಟ ಉಪ್ಪಿಲ್ಲದ ಸಾರು.
ಹಳದಿ ಅಂಗಿಯ ಪೋರನೊಬ್ಬ, ಎಂಟು ವರ್ಷವಿರಬಹುದು,
ನಿನ್ನಮ್ಮನ ಬಗ್ಗೆ ಒಂದು ಮಾತಂದ.
ಅದನ್ನಿಲ್ಲಿ ಓದಲಾರೆ, ನರ್ಸ್ ಇದ್ದಾರೆ.

ನರ್ಸ್ ಗ್ರಾಸಿಯೇಲಾ ಹನಿ ಎಣಿಸುತ್ತಲೇ ಅಂದರು,
"ಓದಿ ಪರವಾಗಿಲ್ಲ.
ನನ್ನ ಗಂಡನೂ ಅದನ್ನೇ ಅಂದಿದ್ದ
ಇವರು ಆ ಪೆನಾಲ್ಟಿ ಕೊಟ್ಟ ದಿನ.
ರಾತ್ರಿಯೆಲ್ಲ ಅಂದಿದ್ದ."

ವಾಲ್ದೆಮಾರ ನಕ್ಕ. ನಳಿಕೆ ಕುಣಿಯಿತು,
ಯಂತ್ರ ಬೆದರಿ ಕೀ ಕೀ ಅಂದಿತು.
"ಪೆನಾಲ್ಟಿ ಸರಿಯಾಗೇ ಇತ್ತು" ಅಂದ.

ಇಪ್ಪತ್ತಾರು ವರ್ಷ ಅವನ ಸೀಟಿ, ನನ್ನ ಬಾವುಟ.
ಫ್ರಾಯ್ ಬೆಂತೋಸಿನಲ್ಲಿ ಒಮ್ಮೆ ಜನ ಕಲ್ಲು ಹಿಡಿದು ಬಂದರು.
ದನದ ತೊಡೆಗಳು ತೂಗುತ್ತಿದ್ದ ಶೀತಲ ಲಾರಿಯೊಳಗೆ
ಒಂದೂವರೆ ಗಂಟೆ ಅಡಗಿದ್ದೆವು,
ಹುಬ್ಬಿಗೆ ಹಿಮ ಹಿಡಿದಿತ್ತು.
(ಆಗ ಅವನಿಗೆ ಹುಬ್ಬಿತ್ತು.)
ಮದ್ದು ಒಳಗಿಳಿಯುವಾಗ ಅದೇ ಚಳಿ ಅನ್ನುತ್ತಾನೆ,
"ಆದರೆ ಆ ದನಗಳು ನಿನ್ನ ಹಾಗೆ
ವಟಗುಟ್ಟುತ್ತಿರಲಿಲ್ಲ."

ಒಂದೇ ಬುರುಡೆ, ಒಂದೇ ಕೊಳವೆ,
ಕೈಯಿಂದ ಕೈಗೆ ಮಾಟೆ ಹೀರುವುದು ನಮ್ಮೂರಿನ ಸ್ನೇಹ.
ಇನ್ನು ಎಂಜಲು ಕೂಡದು ಅಂದರು ಡಾಕ್ಟರು.
ಎರಡು ಬುರುಡೆ ತಂದೆ.
ಅವನು ಎರಡನ್ನೂ ನೋಡಿ,
"ಡೈವೋರ್ಸ್ ಆಯ್ತು ಹಾಗಾದರೆ.
ನಾಯಿ ಯಾರಿಗೆ?"
ನಮ್ಮಿಬ್ಬರಲ್ಲಿ ಯಾರಿಗೂ ನಾಯಿಯಿಲ್ಲ.

ನಾಲ್ಕನೇ ಸುತ್ತಿನ ದಿನ ತಪ್ಪು ಮಾಡಿದೆ.
ಕೆಂಪು ಕಾರ್ಡು ತೆಗೆದು
ತೂಗುವ ಮದ್ದಿನ ಚೀಲಕ್ಕೆ ತೋರಿಸಿದೆ, ಹೊರಗೆ ನಡಿ ಎಂದು.
ಕೋಣೆಯ ಉಳಿದ ಕುರ್ಚಿಗಳೆಲ್ಲ ನಕ್ಕವು.
ಅವನು ಬಕೆಟ್ಟಿನಿಂದ ತಲೆಯೆತ್ತಿ, ಬಾಯಿ ಒರೆಸಿಕೊಂಡು,
"ಒಳಗಿಡು ಅದನ್ನ" ಅಂದ.
"ಅದು ನಮ್ಮ ಕಡೆಯ ಆಟಗಾರ."
ಆಮೇಲೆ ಮಾತಿಲ್ಲ.
ಮೆಟ್ಟಿಲ ಬಳಿ ನಿಂತು, ಅವನಿಗೆಂದು ತಂದಿದ್ದ ಎಂಪನಾಡವನ್ನು
ರುಚಿ ಗೊತ್ತಾಗದೆ ತಿಂದೆ.

ಮುಂದಿನ ಭಾನುವಾರ ನದಿ ಉಕ್ಕಿ ಮೈದಾನಕ್ಕೆ ನುಗ್ಗಿತು.
ಆಟವಿಲ್ಲ, ಬೈಗುಳವಿಲ್ಲ.
ಬರಿಗೈಯಲ್ಲಿ ಹೇಗೆ ಹೋಗಲಿ?
ಬುಧವಾರ ರಾತ್ರಿ ಅಡುಗೆಮನೆಯಲ್ಲಿ ಕೂತು
ಹನ್ನೊಂದು ಬೈಗುಳ ನಾನೇ ಹೊಸೆದೆ.

ಮೂರನೆಯದಕ್ಕೇ ಕೈಯೆತ್ತಿದ.
"ಆಫ್‌ಸೈಡ್."
"ಯಾಕೆ?"
"ಇದು ನಿನ್ನದು. ಜನ ಇಷ್ಟು ಮೆತ್ತಗೆ ಬೈಯುವುದಿಲ್ಲ.
ಪ್ರೀತಿಯ ನಾತ ಬರ್ತಿದೆ, ಕಿಟಕಿ ತೆಗಿ."

ತೆಗೆದೆ. ಹೊರಗೆ ಯಾರೋ
ಸ್ಕೂಟರನ್ನು ಮತ್ತೆ ಮತ್ತೆ ಒದೆಯುತ್ತಿದ್ದರು, ಅದು ಹೊರಡುತ್ತಿರಲಿಲ್ಲ.
ಹೊಸ ಸ್ಕ್ಯಾನಿನಲ್ಲಿ ಏನಿತ್ತೆಂದು
ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
"ಹೋಗಲಿ, ಉಳಿದ ಎಂಟೂ ಓದಿಬಿಡು" ಅಂದ
ಸ್ವಲ್ಪ ಹೊತ್ತಿನ ಮೇಲೆ.

ಭಾನುವಾರ ನೀರಿಳಿದಿತ್ತು.
ಎಪ್ಪತ್ತನೇ ನಿಮಿಷ.
ನಮ್ಮೂರ ಹುಡುಗ ಒಬ್ಬನೇ ಗೋಲಿನತ್ತ ಓಡುತ್ತಿದ್ದ,
ಎಲ್ಲ ಸರಿಯಾಗಿತ್ತು, ಕುರುಡನಿಗೂ ಕಾಣುವಷ್ಟು ಸರಿ.

ಬಾವುಟ ಎತ್ತಿದೆ.

ಇಡೀ ಗ್ಯಾಲರಿ ಎದ್ದು ನಿಂತಿತು.
ಎಲಿಯೊದೊರೊ ಬೇಲಿ ಹತ್ತುತ್ತಿದ್ದ.
ಎಷ್ಟೊಂದು, ಎಷ್ಟು ಜೋರಾಗಿ,
ಎಲ್ಲ ಅಪ್ಪಟ!
ಇನ್ನೊಂದು ಕೈಯಲ್ಲಿ
ಜೇಬಿನ ಪೆನ್ಸಿಲ್ ತಡಕಿದೆ.