ಎರಡು ಲಾಳಿ

ಕುಣಿಮಗ್ಗದಾಗ ಕುಂತವಳಿಗೆ
ಓಣಿ ಅಂದ್ರ ಮೊಳಕಾಲ ಕೆಳಗಿಂದಷ್ಟ.
ಕಿಡಕಿಯ ಎರಡು ಸರಳಿನ ನಡುವ
ಗಾಲಿ, ಹಿಮ್ಮಡ, ನಾಯಿಯ ಮೂಗು,
ಯಾರದೋ ಸೀರಿಯ ಅಂಚು,
ಅದನ್ನ ನಾನ ನೇದಿದ್ದರೂ ನೇದಿರಬೇಕು.
ಮುಖ ನೋಡಿ ಗುರುತು ಹಿಡಿಯೂದು ನನಗ ಬರಂಗಿಲ್ಲ.
ಚಪ್ಪಲಿ ನೋಡಿ ಹೇಳ್ತೀನಿ:
ಬಾಕಳೆ ಬಂದಾನ, ಬಾಕಿ ಕೇಳಾಕ.

ಬೇವಿನ ಗಿಡದಿಂದ ಮಾಬೂಬಿಯ ಅಂಗಡಿತನಕ
ಸೈಕಲ್ ಮ್ಯಾಲಿನ ಪಾವಿನವ ಹನ್ನೊಂದು ಲಾಳಿ.
ಮೇವು ಹೇರಿದ ಗಾಡಿ ಮೂವತ್ತು.
ನಮ್ಮತ್ತಿ, ಬದುಕಿದ್ದಾಗ, ನೂರಾ ಹತ್ತು;
ನಡುವ ಜಗಳಾ ಸಿಕ್ಕರ ಲೆಕ್ಕಿಲ್ಲ.

ಆಮ್ಯಾಲ ದೊಡ್ಡ ರಸ್ತೆ ಅಗದ್ರು, ಪೈಪು ಹಾಕಾಕ.
ಬೆಟಗೇರಿಯ ಗಾಡಿಗೋಳಿಗೆಲ್ಲ
ನಮ್ಮ ಓಣಿ ಐತಿ ಅಂತ ಒಂದ ದಿನಕ್ಕ ಗೊತ್ತಾತು.
ಎರಡು ಲಾಳಿ.
ಹೋತು, ಬಂತು. ಅಷ್ಟ.

ಆ ಶುಕ್ರವಾರ ಒಂದೂವರಿ.
ಅರ್ಧಕ್ಕ ಕೈ ನಿಂತಿತು.
ಸರಳಿನ ನಡುವ ನೀಲಿ ಚಪ್ಪಲಿ ಒಂದ
ತನ್ನಷ್ಟಕ್ಕ ತಾನ ತಿರಗಾಕತ್ತಿತ್ತು, ಬುಗುರಿಯಂಗ.
ಅದರ ಒಡೆಯ ನನಗ ಗೊತ್ತು. ಮಾಬೂಬಿಯ ಮೊಮ್ಮಗ, ಇರ್ಫಾನ.
ಕಾಲು ಉಳೀತು.
ಆ ಸೀರಿಯೊಳಗ ಒಂದು ಎಳಿ ತಪ್ಪೈತಿ.
ಬಿಚ್ಚಲಿಲ್ಲ. ಹಂಗ ಮಾರಿದೆ.

ನಗರಸಭೆಯ ಸಾಹೇಬ್ರು ಕೇಳಿದ್ರು:
ಹಂಪ್ ಬೇಕಂದ್ರ ವೇಗ ಎಷ್ಟಂತ ಬರೀಬೇಕಬೇ.
ಎರಡು ಲಾಳಿ, ಅಂದೆ.
ನಕ್ಕರು. ಕೆಟ್ಟ ನಗಿ ಅಲ್ಲ,
ಉಂಡು ಬಂದು ಕುಂತವರ ನಗಿ.

ಅನ್ನದಾನಿಯ ಮಗಳು, ಒಂಬತ್ತನೇತ್ತೆ,
ಹೊಸಾ ಸೀರಿ ಹಿಡದು ಓಣಿ ಅಳದಳು ನನ್ನ ಜೋಡಿ.
ಸೆರಗು ಅವಳ ಕೈಯಾಗ, ಈ ತುದಿ ನನ್ನ ಕೈಯಾಗ.
ಐದು ಸೀರಿ, ಮ್ಯಾಲೊಂದು ಮೊಳ.
ಮೂವತ್ತೆರಡು ಮೀಟರ್.
ಆಮ್ಯಾಲ ಮೊಬೈಲ್ ಹಿಡದು ಮಗ್ಗದ ಸಪ್ಪಳ ಎಣಿಸಿದಳು.
ನಿಮಿಷಕ್ಕ ಅರವತ್ತು.
ಅತ್ತಿ, ನೀ ಗಡಿಯಾರ ಇದ್ದಂಗ ಇದ್ದಿ.
ನನ್ನ ಬೆನ್ನ ಕೇಳು, ಅಂದೆ.

ತಾಸಿಗೆ ಐವತ್ತೇಳು ಕಿಲೋಮೀಟರ್.
ಬರದು ಕೊಟ್ಟವಿ, ಠಸ್ಸೆ ಒತ್ತಿ ಇಸಗೊಂಡ್ರು.
ಠಸ್ಸೆಯ ಮಸಿ ಆರಿತು.
ಓಣಿ ಇದ್ದಂಗ ಇತ್ತು.

ನಮ್ಮತ್ತಿಯ ಕಾಲಕ್ಕ ಹಾಸು ಹಾಸತಿದ್ದದ್ದು ಓಣಿಯಾಗ.
ಈಗ ಸುತ್ತಿದ್ದ ಬರ್ತೈತಿ, ಬಿಲ್ಲಿನ ಜೋಡಿ.
ಆದರ ಅಟ್ಟದ ಮ್ಯಾಲಿನ ಕತ್ತರಿಗೋಲಿಗೆ
ಗೆದ್ದಲ ಹತ್ತಿರಲಿಲ್ಲ.
ಸೋಮವಾರ ಮುಂಜಾನೆ ಏಳಕ್ಕ
ಬೇವಿನ ಗಿಡದಿಂದ ಅಂಗಡಿತನಕ ಎಳದು ಕಟ್ಟಿದ್ವಿ:
ಸಾವಿರಾರು ಎಳಿ, ಕೆಂಪು, ನಡುವ ಹಸರು,
ಎದಿಯೆತ್ತರಕ್ಕ.
ಗಂಜಿ ಹಚ್ಚಿ ಕುಂಚ ಎಳಕೋತ ಹೊಂಟೆ.

ಬಂದ. ಬ್ರೇಕಿನ ಸುಟ್ಟ ವಾಸನಿ.
ನೂಲಿಗೂ ಗಾಲಿಗೂ ನಡುವ ಒಂದು ಗೇಣು.
ಮಕ್ಕಳು ಅಡ್ಡ ಬಂದ್ರ ಹಾರ್ನ್ ಹೊಡಿಯಾವ
ಹಸಿ ನೂಲಿಗೆ ಹೆಂಗ ಅಂಜಿದ, ತಿಳೀಲಿಲ್ಲ.
ಗಾಲಿ ನನಗ ಗುರುತಿಂದು, ಕೆಂಪು ರಿಮ್ಮು.
ಶುಕ್ರವಾರದ್ದು ಹೌದೋ ಅಲ್ಲೋ, ಆಣಿ ಮಾಡಲಾರೆ.
ಅದರ ಮ್ಯಾಲೊಂದು ಮುಖ ಐತಿ ಅನ್ನೂದು
ಇವತ್ತ ಗೊತ್ತಾತು.
ಮೀಸಿ ಪೂರಾ ಮೂಡಿರಲಿಲ್ಲ.

ಇನ್ನ ಎಷ್ಟೊತ್ತು ಬೇ?
ಗಂಜಿ ಆರೂತನಕ.
ಗಾಡಿ ಬಂದ್ ಮಾಡಿದ. ಅವನ ಹಿಂದಿನವನೂ ಮಾಡಿದ.
ಅಷ್ಟು ಸಪ್ಪಳಿಲ್ಲದ ಓಣಿಯಾಗ
ಮಾಬೂಬಿಯ ತಕ್ಕಡಿ ಕಿರ್ ಅಂದದ್ದೂ ಕೇಳಿತು.

ಆವಾಗ ಇರ್ಫಾನ ಹೊರಗ ಬಂದ,
ಒಂದು ಕಾಲಿಗೆ ಪ್ಲಾಸ್ಟರ್, ಒಂದಕ್ಕ ನೀಲಿ ಚಪ್ಪಲಿ.
ನೂಲಿನ ಮಗ್ಗಲಕ್ಕ, ಗ್ವಾಡಿ ಹಿಡಕೋತ,
ಅಂಗಡಿಯಿಂದ ಬೇವಿನ ಗಿಡದ ಕಡೆ ಹೊಂಟ.
ನಡುವ ನಿಂತು ಕೆಂಪು ರಿಮ್ಮು ನೋಡಿದ.
ಮತ್ತ ಹೊಂಟ.

ಮಗ್ಗ ಒಳಗಿತ್ತು, ನಾ ಹೊರಗಿದ್ದೆ.
ಆದರೂ ನನ್ನ ಬಲಗಾಲು ನೆಲದ ಮ್ಯಾಲ
ಇಲ್ಲದ ತುಳಿ ತುಳೀತ ಎಣಿಸಾಕತ್ತಿತ್ತು.
ತೊಂಬತ್ತನಾಲ್ಕು.