ಷರಾ

ನಾಲ್ಕನೇ ಇಯತ್ತೆಯ ಪ್ರಗತಿಪುಸ್ತಕದಾಗ
ಹಾಜರಿ, ತೂಕ, ಎತ್ತರ ಎಲ್ಲಾ ಕನ್ನಡದಾಗ ಬರದು
ಷರಾ ಅನ್ನೂ ಚೌಕದಾಗ ಮಾತ್ರ ಬಿರಾಜದಾರ ಗುರುಗಳು
ಕೆಂಪು ಶಾಯೀಲೆ ಇಂಗ್ಲೀಷಿನಾಗ ಒಂದೇ ಶಬ್ದ ಬರದಿದ್ದರು.
ನಾಲ್ಕು ಅಕ್ಷರ. ಕಡೀವು ಎರಡೂ ಒಂದೇ ಥರ,
ಗ್ವಾಡಿಗೆ ಆನಿಸಿಟ್ಟ ಎರಡು ಬಡಗಿ ಹಂಗ.

ಓದಿ ಹೇಳಲಿಕ್ಕೆ ಮನ್ಯಾಗ ಯಾರಿಲ್ಲ.
ಅಬ್ಬಾ ಸಾಣಿಚಕ್ರದ ಜೋಡಿ ನನ್ನನ್ನೂ
ಸೈಕಲ್ಲಿನ ಮ್ಯಾಲೆ ಕೂಡಿಸಿಕೊಂಡು
ದುಧನಿ ಟೇಸನಕ್ಕ ಒಯ್ದ.
ತಿಕೀಟಿನ ಕಿಂಡ್ಯಾಗ ಗಾಯಕವಾಡ ಸಾಹೇಬ
ಚಷ್ಮಾ ಏರಿಸಿ ನೋಡಿದರು, ನನ್ನ ಮಾರಿ ನೋಡಿದರು,
ಹೇಳಲೋ ಬ್ಯಾಡೋ ಅಂತ ಹೊಯ್ದಾಡಿ
‘ಬೋಥಟ’ ಅಂದರು ಮರಾಠ್ಯಾಗ,
‘ಕತ್ತರಿಗೆ ಅಂತೀರಲ್ಲ ನೀವು, ಹಂಗ.’

ಅಬ್ಬಾ ನಕ್ಕುಬಿಟ್ಟ.
ಮೊಂಡ! ಇಷ್ಟೇ ಏನು!
ಅಳೂವಂಥಾದ್ದೇನದ ಬೇಟಿ ಇದರಾಗ?
ಅಕ್ಕಲಕೋಟಿ ತನಾ ದರ್ಜಿಗಳ ಕತ್ತರಿ,
ಕಟಗರ ಸುರಿ, ಹಜಾಮರ ಕತ್ತಿ
ಮೊಂಡಾಗತಾವಂತನ ನಮ್ಮ ಒಲಿ ಹತ್ತತದ.
ಹೊಸಾ ಕತ್ತರಿ ಎಂದರೆ ನನ್ನ ಹತ್ತರ ಬಂದದ?
ದುಡದದ್ದೇ ಮೊಂಡಾಗೂದು.

ನನಗೇನೂ ಸಮಾಧಾನ ಆಗಲಿಲ್ಲ, ಸುಳ್ಳ ಯಾಕ ಹೇಳಲಿ.
ಒಂಬತ್ತು ವರ್ಷದಾಗ ನಾ ಏನು ದುಡದಿದ್ದೆ?
ಏನು ಕತ್ತರಿಸಿದ್ದೆ?
ಆ ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ
ಚಕ್ರ ತಿರುವಿ, ಬೆರಳು ಹಿಡದು ನೋಡಿದೆ.
ಕಿಡಿ ಹಾರಲಿಲ್ಲ.
ಗುರ್ತು ಇನ್ನೂ ಅದ, ಎಡಗೈ ತೋರಬೆರಳಿಗೆ.
ಉಗುರು ಅಲ್ಲಿ ಸೊಟ್ಟ ಬೆಳೀತದ.

ಆಮ್ಯಾಲೆ ಆ ಶಬ್ದ ಹೋದಲ್ಲೆಲ್ಲಾ ಎದುರಾಗಲಿಕ್ಕೆ ಹತ್ತಿತು.
ಅಡತಿ ಅಂಗಡಿ ಮುಂದ ತೊಗರಿ ಚೀಲಕ್ಕ ಬೆನ್ನು ಕೊಟ್ಟು
ಬೀಡಿ ಸೇದೋ ಹಮಾಲರು:
ಇವತ್ತು ಪ್ಯಾಟಿ ಡಲ್ಲು.
ಇಳಕಲ್ಲ ಸೀರಿ ಬಿಸಲಿಗೆ ಹಿಡದು ನೀಲವ್ವ ಕಾಕು:
ಬಣ್ಣ ಯಾಕೋ ಡಲ್ ಅನಸ್ತದ, ಇನ್ನೊಂದು ತಗಿ.

ನಮ್ಮ ಮಂದಿ ಒಂದೊಂದಕ್ಕ ಒಂದೊಂದು ಮಾತು ಇಟ್ಟಿದ್ದರು.
ದೀಪ ಮಂಕು, ಮುಗಿಲು ಮಬ್ಬು, ಸುರಿ ಮೊಂಡ,
ಹುಡುಗ ದಡ್ಡ,
ಮ್ಯಾಗಸೀನಿನ ಗೋಡೆ ನೋಡುತ ಕುಂತ ಮಧ್ಯಾಹ್ನ ಬರೇ ಬ್ಯಾಸರ.
ಎಲ್ಲಾರನ್ನೂ ಒಂದೇ ಜನರಲ್ ಡಬ್ಬಿಗೆ ತುಂಬಿ
ಇಂಗ್ಲೀಷು ಗಾಡಿ ಬಿಟ್ಟದ.
ಹಂಗಂತ ಬೈಯಲಿಕ್ಕೆ ಹೋದೆನಾ,
ಅಮ್ಮಿ ತೀರಿದ ಎಂಟನೇ ದಿವಸ
ನಳದ ಹತ್ತರ ಯಾರೋ ಕೇಳಿದರು:
ಯಾಕವ್ವಾ, ಡಲ್ ಆಗೀದಿ?

ಕೊಡ ತುಂಬಿ ಹರೀತಿತ್ತು.
ಇದಕ್ಕೂ ಇದೇ ಶಬ್ದ ಬಂತಲ್ಲ ಅಂತ
ಮದಲ ಸಲ ಅದರ ಮ್ಯಾಲೆ ನನಗ ಕರುಣಿ ಬಂತು.
ಪ್ಯಾಟಿದು, ಸೀರೀದು, ಸತ್ತವರದು,
ಎಷ್ಟು ಮಂದೀ ಕೆಲಸ ಹೊತ್ತು ತಿರಗತದ ಪಾಪ,
ಮೊಂಡಾಗದ ಏನಾದೀತು.

ಈಗ ಅದೇ ಸಾಲಿ, ಅದೇ ಕುರ್ಚಿ ಅಲ್ಲ ಖರೆ,
ಕೆಂಪು ಪೆನ್ನು ನನ್ನ ಕೈಯಾಗ.
ಸಹಾಮಾಹಿ ಪರೀಕ್ಷಾ ಮುಗದದ.
ಮೂವತ್ತೊಂದು ಪುಸ್ತಕ ಆದವು, ಒಂದು ಉಳದದ.
ಗುರುಶಾಂತ ಕಿಡಕಿಗೆ ಗದ್ದ ಇಟ್ಟು ನಿಂತಾನ.
ಮಗ್ಗಿ ಏಳಕ್ಕ ಬಂದು ನಿಲ್ಲತದ,
ಒತ್ತಕ್ಷರ ಕಂಡರ ಓಡತಾನ.

ಸಾಣಿಚಕ್ರ ಹಿತ್ತಲದಾಗ ಬಿದ್ದದ.
ಈಗ ಕತ್ತರಿ ಮೊಂಡಾದರ ಒಗೀತಾರ, ಹೊಸಾದು ತರತಾರ.
ಅಬ್ಬಾ ಹೇಳತಿದ್ದ: ಅಲಗು ನೋಡೂವಾಗ
ಹೆಬ್ಬೆರಳು ಅಡ್ಡ ಸವರಬೇಕು.
ಉದ್ದಕ್ಕ ಸವರಿದರೂ ತಿಳೀತದ,
ರಕ್ತ ಬರತದ ಅಷ್ಟೇ.

ಸೊಲ್ಲಾಪುರದ ಕಡಿಗೆ ಗೂಡ್ಸು ಹೊಂಟದ.
ನೆಲ ನಡಗತದ, ಶಾಯಿ ಬಾಟ್ಲಿ ನಡಗತದ.
ಸದ್ದು ಅಡಗಿದ ಮ್ಯಾಲೂ ಅವ ತಿರಗಲಿಲ್ಲ.
‘ಐವತ್ತೆಂಟು ಡಬ್ಬಿ ಟೀಚರ್.
ನಲವತ್ತೊಂದನೇದರ ಬಾಗಲಾ ತೆರದಿತ್ತು.’

ಷರಾ ಚೌಕದಾಗ ಕನ್ನಡದಾಗೇ ಬರದೆ:
ಹೊಂಟ ಗಾಡಿ ಡಬ್ಬಿ ಎಣಸತಾನ, ತಪ್ಪೂದಿಲ್ಲ.
ಇದೇನು ಷರಾ ಅಂತ ಹೆಡ್‌ಮಾಸ್ತರು ಕೇಳತಾರ ನಾಳೆ.
ಕೇಳಲಿ.