ಮಳೆಯ ಕೆಲಸ

ಇಕೀಕೆಯ ರೇಡಿಯೊದಲ್ಲಿ ನನ್ನದು ಮಳೆಯ ಕೆಲಸ.
ಬಾಗಿಲೂ ನಾನೇ, ಬೆಂಕಿಯೂ ನಾನೇ;
ಸಿಗರೇಟು ಪೊಟ್ಟಣದ ಬೆಳ್ಳಿಕಾಗದ ಹಿಸುಕಿದರೆ
ಮನೆಮನೆಯಲ್ಲಿ ಒಲೆ ಹೊತ್ತಿಕೊಳ್ಳುತ್ತದೆ.
ನಾಯಕ ನಾಯಕಿಗೆ ಕೊಡುವ ಮುತ್ತು
ನನ್ನ ಮಣಿಕಟ್ಟಿಗೆ ನಾನೇ ಕೊಟ್ಟುಕೊಂಡದ್ದು.
ಊರೆಲ್ಲ ಅದಕ್ಕೆ ನಾಚುತ್ತದೆ.

ಆದರೆ ಮಳೆಗೇ ಹೆಚ್ಚು ಕೂಲಿ.
ಬೆನ್ನಿಗೆ ಅಟಕಾಮಾ, ಎದುರಿಗೆ ಕಡಲು,
ನಡುವೆ ನಾವು, ಒಣಮೀನಿನ ಹಾಗೆ.
ಮದುವೆಯಾಗಿ ಮಕ್ಕಳಾದವರೂ ಇಲ್ಲಿ ಕೊಡೆ ಕಂಡವರಲ್ಲ.
ನಾನೂ ಮಳೆ ಕೇಳಿದವಳಲ್ಲ.
ಒಂದು ತಗಡಿನ ತಟ್ಟೆ, ಅದರ ಮೇಲೆ ಒಂದು ಸೇರು ಚನ್ನಂಗಿ;
ಓರೆ ಮಾಡಿದರೆ ಬಂತು, ನೆಟ್ಟಗೆ ಹಿಡಿದರೆ ನಿಂತಿತು.
"ಸುಳ್ಳು ಹೇಳಿದರೆ, ಒತೀಲಿಯಾ,
ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಬೇಕು"
ಅನ್ನುತ್ತಿದ್ದರು ನಿರ್ದೇಶಕರು.
ನಾನು ಹೊಡೆಯುತ್ತಿದ್ದೆ.

ಆ ಗುರುವಾರ ಧಾರಾವಾಹಿಯಲ್ಲಿ ಲೆಯೊಕಾದಿಯಾ ಸತ್ತಳು.
ದಕ್ಷಿಣದ ದ್ವೀಪದ ಹುಡುಗಿ, ಏಳು ವರ್ಷ, ಎದೆಯಲ್ಲಿ ಕಫ.
ಅವಳ ದನಿ ಐವತ್ತೆರಡರ ಬಾಲ್ಬೀನಾಳದು:
ಸತ್ತು ಮುಗಿಸಿ, ಕೆಮ್ಮಿ,
ಮೇಜಿನಡಿ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋದಳು.
ಮರುದಿನ ಪೆಟ್ಲುಪ್ಪಿನ ಗಣಿಗಳಿಂದ ಕಾಗದಗಳು.
ಯಾರೋ ಕಪ್ಪು ಪಟ್ಟಿ ಕಳಿಸಿದ್ದರು.
ಯಾರೋ ಎಂಟು ಪೆಸೊ, ಶವಪೆಟ್ಟಿಗೆಗೆಂದು.
ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದೋ
ಲೆಕ್ಕದವನಿಗೆ ತಿಳಿಯಲಿಲ್ಲ.

ಶನಿವಾರ ಒಬ್ಬಾಕೆ ಬಂದಳು. ಕೈಯಲ್ಲಿ ಹೂವಿಲ್ಲ.
ಎರ್ಮೆಲಿಂದಾ ಕಾರ್ಕಾಮೊ,
ಗಣಿಯ ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸುವವಳು,
ಎರಡು ಲಾರಿ ಬದಲಿಸಿ ಬಂದವಳು.
ನನ್ನ ಮಾತು ತಯಾರಿತ್ತು: ಅಮ್ಮಾ, ಅದು ಕಥೆ,
ಯಾರೂ ಸತ್ತಿಲ್ಲ, ಅಗೋ ನೋಡಿ,
ಹುಡುಗಿ ಅಲ್ಲಿ ಕಾಫಿ ಕುಡಿಯುತ್ತಿದ್ದಾಳೆ.
ಅವಳು ತಿರುಗಿಯೂ ನೋಡಲಿಲ್ಲ.
"ಮಳೆ ಮಾಡುವವರು ಯಾರು?" ಎಂದಳು.

ತೋರಿಸಿದೆ. ತಟ್ಟೆಯನ್ನು, ಕಾಳನ್ನು.
ಕಳ್ಳತನ ಸಿಕ್ಕಿಬಿದ್ದವಳಂತೆ ಕಿವಿ ಬಿಸಿಯಾಗಿತ್ತು.

"ಮಗು ಸತ್ತದ್ದು ಸರಿಯಾಗಿತ್ತು.
ಮಳೆ ಸುಳ್ಳು.
ಹಾಗೆ ಸುರಿದು ನಿಂತುಬಿಡುವಂಥದ್ದಲ್ಲ ಅದು.
ನಮ್ಮ ಚಿಲೊಯೆಯಲ್ಲಿ ಕಾಯಿಲೆಗಿಂತ ಮೊದಲೇ ಬಂದು ಕೂತಿರುತ್ತದೆ.
ಮಣ್ಣು ಮಾಡಿ ಬಂದ ಮೇಲೂ ಎದ್ದು ಹೋಗುವುದಿಲ್ಲ."

ತಟ್ಟೆ ಇಸಕೊಂಡಳು. ಅರ್ಧ ಕಾಳು ತೆಗೆದಿಟ್ಟಳು.
ಒದ್ದೆ ಬಟ್ಟೆ ಕೇಳಿ ಒಂದು ಬದಿಗೆ ಹಾಸಿದಳು:
"ಈ ಕಡೆ ತಗಡಿನ ಮಾಡು, ಈ ಕಡೆ ಪಾಚಿ ಹಿಡಿದ ಹಲಗೆ.
ಅವಳು ಮಲಗುತ್ತಿದ್ದದ್ದು ಹಲಗೆಯ ಕಡೆ."
ಯಾವ ಅವಳು ಎಂದು ನಾನು ಕೇಳಲಿಲ್ಲ.

ಮೊಣಕೈ ಅಲುಗದು, ಬೆರಳು ಮಾತ್ರ,
ಹಿಟ್ಟು ಜರಡಿ ಹಿಡಿದು ಪಳಗಿದ ಕೈ.
ಸಣ್ಣಗೆ ಸೋನೆ ಹಿಡಿಯಿತು.
ನಡುನಡುವೆ ಒಂದೇ ಒಂದು ಕಾಳು, ತಡವಾಗಿ:
ಅದು ಸೋರುವ ಜಾಗವಂತೆ,
ಅಲ್ಲಿ ಒಂದು ಬೋಗುಣಿ ಇಟ್ಟಿದ್ದರಂತೆ.
ಬಾಲ್ಬೀನಾ ಕಾಫಿ ಕೆಳಗಿಟ್ಟಳು.

ಆಕೆ ಅಳಲಿಲ್ಲ. "ಈಗ ನೀನು" ಎಂದಳು.
ಮೂರು ತಾಸು ಕಲಿಸಿದಳು, ಬೈದು ಬೈದು.
ಕೊನೆಯ ಲಾರಿ ತಪ್ಪಿತು.

ಸೋಮವಾರ ಮಣ್ಣು ಮಾಡುವ ಕಂತು.
ಪಾದ್ರಿಗೆ ಒಂದೂವರೆ ಪುಟ ಮಾತಿತ್ತು;
ಗಾಜಿನಾಚೆಯಿಂದ ನಿರ್ದೇಶಕರು ಕೈ ಎತ್ತಿ ತಡೆದರು.
ನಾಲ್ಕು ನಿಮಿಷ
ಬರೀ ಚನ್ನಂಗಿ.

ಮನೆಗೆ ಹೋದರೆ ನನ್ನಮ್ಮ,
ಹುಟ್ಟಿದಂದಿನಿಂದ ಒಂದು ಹನಿ ಕಾಣದವಳು,
ಅಂಗಳದ ಹಗ್ಗದಿಂದ ಬಟ್ಟೆಯೆಲ್ಲ ಒಳಗೆ ತಂದು ಹಾಕಿದ್ದಳು.
"ಹುಚ್ಚೇನೇ ನಿನಗೆ?" ಅಂದೆ.
"ಗೊತ್ತು ಕಣೇ" ಅಂದಳು,
ಮಡಿಸುತ್ತಲೇ ಇದ್ದಳು.

ಧಾರಾವಾಹಿ ಮುಗಿದ ವಾರ ಆ ಕಾಳು ಬೇಯಿಸಿದೆವು.
ಎಷ್ಟು ಕುದಿಸಿದರೂ ಮೆತ್ತಗಾಗಲಿಲ್ಲ, ತಗಡಿನ ವಾಸನೆ ಬೇರೆ.
ತಿಂದೆವು.
ಎಂಟು ಪೆಸೊ ಇನ್ನೂ ಲೆಕ್ಕದವನ ಡ್ರಾಯರಿನಲ್ಲಿದೆ.